ಬೀಗಿತ್ತಿಯರು ಬಿದ್ದದ್ದು

ಇಸ್ತ್ರಿಯಮ್ಮನಿಗೆ ತನ್ನ ಬೀಗಿತ್ತಿಯನ್ನು ಕಂಡರೆ ಆಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡರೆ ಏನೂ ತೊಂದರೆಯಿರಲಿಲ್ಲ, ಕೇಳಿಸಿಕೊಂಡರೆ ಆಗುತ್ತಿರಲಿಲ್ಲ. ಬೀಗಿತ್ತಿ ಜೀವಮಾನವೆಲ್ಲ ದೊಡ್ಡ ಶಾಲೆಯೊಂದರಲ್ಲಿ ಆಟದ ಟೀಚರಾಗಿದ್ದವಳು. ನಿವೃತ್ತಳಾಗಿ ಮೈದಾನ ಬಿಟ್ಟರೂ ಮೈದಾನದ ಗಂಟಲು ಅವಳನ್ನು ಬಿಟ್ಟಿರಲಿಲ್ಲ. ಪಕ್ಕದಲ್ಲಿ ಕೂತವರ ಹತ್ತಿರ ಒಂದು ಲೋಟ ನೀರು ಕೇಳುವಾಗಲೂ ಆ ತುದಿಯಲ್ಲಿ ನಿಂತ ಗೋಲ್‌ಕೀಪರನಿಗೆ ಹೇಳುವ ಹಾಗೆ ಕೇಳುತ್ತಿದ್ದಳು. ಕೊರಳಲ್ಲಿ ಸದಾ ಸೀಟಿ ತೂಗುತ್ತಿತ್ತು. ಹಾಗಾಗಿ ಎಲ್ಲರ ಬಾಯಲ್ಲಿ ಅವಳು ಸೀಟಿ ಟೀಚರ್.

ಇಸ್ತ್ರಿಯಮ್ಮನದು ಬೀದಿಯ ಮೂಲೆಯ ಲಾಂಡ್ರಿ. ಗಂಡ ತೀರಿಕೊಂಡ ಮೇಲೆ ಇಸ್ತ್ರಿಪೆಟ್ಟಿಗೆಯನ್ನೇ ನಂಬಿ ಮಗಳನ್ನು ಓದಿಸಿ ದಡ ಮುಟ್ಟಿಸಿದವಳು. ಮಾತು ಕಡಿಮೆ, ಕೈ ಜಾಸ್ತಿ. ಆ ಮಗಳು ಸೀಟಿ ಟೀಚರ ಮಗನನ್ನು ಮೆಚ್ಚಿ ಮದುವೆಯಾದಳು. ಹುಡುಗ ಒಳ್ಳೆಯವನು, ಸಾಧು. ಅಂಥ ತಾಯಿಯ ಎದುರು ಸಾಧುವಾಗದೆ ಇನ್ನೇನಾಗುತ್ತಾನೆ ಎಂದು ಇಸ್ತ್ರಿಯಮ್ಮ ಒಳಗೊಳಗೇ ನಕ್ಕಿದ್ದೂ ಉಂಟು.

ಮೊಮ್ಮಗಳು ಹುಟ್ಟಿದ ಮೇಲೆ ಇಬ್ಬರೂ ಆಗಾಗ ಎದುರುಬದುರಾಗುವುದು ತಪ್ಪಲಿಲ್ಲ. ಇಸ್ತ್ರಿಯಮ್ಮ ಮಗುವನ್ನು ಅಂಗಡಿಯಲ್ಲಿ ಒಗೆದ ಬಟ್ಟೆಯ ಬೆಚ್ಚನೆಯ ಗಂಟಿನ ಮೇಲೆ ಮಲಗಿಸುತ್ತಿದ್ದಳು. "ಹಾಗೆಲ್ಲ ಮಲಗಿಸಿದ್ರೆ ಮಗು ಬೆನ್ನು ಬಿಲ್ಲಾಗುತ್ತೆ, ಬೀಗಿತ್ತಿಯವ್ರೇ" ಎಂದು ಟೀಚರ್ ಹೇಳುವಳು. "ಆಗ್ಲಿ, ಗಟ್ಟಿ ಹಾಸಿಗೆ ತರಿಸ್ತೀನಿ, ಬೀಗಿತ್ತಿಯವ್ರೇ" ಎಂದು ಇವಳು. ತರಿಸುತ್ತಲೂ ಇರಲಿಲ್ಲ, ಅವಳು ಹೇಳುವುದನ್ನು ಬಿಡುತ್ತಲೂ ಇರಲಿಲ್ಲ. ಹಾಗೆಂದು ಜಗಳವೇನೂ ಆಗಿರಲಿಲ್ಲ. ಜಗಳವಾಡುವಷ್ಟು ಸಲಿಗೆಯೇ ಅವರಿಬ್ಬರ ನಡುವೆ ಬೆಳೆದಿರಲಿಲ್ಲ.

ಒಂದು ಮಧ್ಯಾಹ್ನ ಮಗಳು ಆಫೀಸಿನಿಂದ ಫೋನು ಮಾಡಿದಳು. ಶಿಶುವಿಹಾರದಲ್ಲಿ ಮಗುವಿಗೆ ಮೈ ಬಿಸಿಯಾಗಿದೆಯಂತೆ, ಯಾರಾದರೂ ಬೇಗ ಬಂದು ಕರೆದುಕೊಂಡು ಹೋಗಬೇಕಂತೆ. "ಅತ್ತೇನೂ ಹೊರಟಿದ್ದಾರೆ ಅಮ್ಮಾ, ಬಸ್ಸಿಗೆ ಕಾಯ್ತಿದ್ದಾರೆ. ದಾರೀಲಿ ಹತ್ತಿಸ್ಕೊಂಡು ಹೋಗ್ತೀಯಾ?"

ಬಟ್ಟೆ ತಲುಪಿಸಲು ಇಸ್ತ್ರಿಯಮ್ಮನ ಹತ್ತಿರ ಒಂದು ಸ್ಕೂಟರ್ ಇತ್ತು. ಬಸ್‌ಸ್ಟಾಪಿನಲ್ಲಿ ಟೀಚರ್ ಟ್ರ್ಯಾಕ್‌ಸೂಟಿನಲ್ಲಿ ನೆಟ್ಟಗೆ ನಿಂತಿದ್ದಳು. ಇವಳು ಕೊಟ್ಟ ಹೆಲ್ಮೆಟ್ಟನ್ನು ಬಿಗಿದುಕೊಂಡು, ಹಿಂದೆ ಕಾಲು ಹಾಕಿ ಕೂತು, "ಹೂಂ, ಹೊರಡಿ" ಎಂದು ಭುಜ ತಟ್ಟಿದಳು. ಕುದುರೆ ತಟ್ಟಿದಂತಿತ್ತು.

ಸ್ವಲ್ಪ ದೂರ ಹೋಗುವುದರೊಳಗೆ ಹಿಂದಿನಿಂದ ಮಾತು ಶುರುವಾಯಿತು. "ಸ್ವಲ್ಪ ಜೋರಾಗಿ ಬಿಡಿ ಬೀಗಿತ್ತಿಯವ್ರೇ, ಸೈಕಲ್ಲಿನವ್ನೂ ನಮ್ಮನ್ನ ದಾಟ್ಕೊಂಡು ಹೋದ."

ಬೇರೆ ದಿನವಾಗಿದ್ದರೆ ಇಸ್ತ್ರಿಯಮ್ಮ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು. ಆದರೆ ಮಗುವಿನ ಬಿಸಿ ಮೈ ಅವಳ ಮನಸ್ಸಿನಲ್ಲೂ ಸುಡುತ್ತಿತ್ತು. ಹಲ್ಲು ಕಚ್ಚಿ ವೇಗ ಏರಿಸಿದಳು. ಸೇತುವೆ ಇಳಿದು ರಸ್ತೆ ಎಡಕ್ಕೆ ತಿರುಗುವಲ್ಲಿ ಪೈಪು ಹೂಳಿದವರು ಗುಂಡಿ ಮುಚ್ಚಿ, ಮಿಕ್ಕ ಜಲ್ಲಿಯನ್ನು ಗುಡಿಸದೆ ಬಿಟ್ಟು ಹೋಗಿದ್ದರು. ಅವಳ ಕಣ್ಣಿಗೆ ಅದು ಬೀಳುವ ಹೊತ್ತಿಗೆ ಮುಂದಿನ ಚಕ್ರ ಅದರ ಮೇಲಿತ್ತು.

ಆಮೇಲಿನದು ಅವಳಿಗೆ ತುಂಡುತುಂಡಾಗಿ ನೆನಪು. ಸ್ಕೂಟರ್ ಎಡಕ್ಕೆ ಮಲಗಿತು. ಮಲಗಿದರೂ ನಿಲ್ಲಲಿಲ್ಲ, ಜರ್ರೆಂದು ಜಾರಿಕೊಂಡೇ ಹೋಯಿತು. ಹ್ಯಾಂಡಲ್ ಹಿಡಿದ ಇವಳೂ ಅದರ ಜೊತೆಗೆ ಜಾರಿದಳು. ಹೆಲ್ಮೆಟ್ಟು ರಸ್ತೆಗೆ ಉಜ್ಜುವ ಸದ್ದು ತಲೆಯೊಳಗೇ ಗರಗಸ ಎಳೆದ ಹಾಗಿತ್ತು. ಆ ಸದ್ದನ್ನೂ ಮೀರಿ ಹಿಂದೆಲ್ಲಿಂದಲೋ ಒಂದು ಕೂಗು ಬಂತು: "ಬಿಡೇ! ಹ್ಯಾಂಡಲ್ ಬಿಡೇ, ಹುಚ್ಚಿ!"

ಅವಳು ಬಿಟ್ಟಳು. ಸ್ಕೂಟರ್ ತನ್ನ ಪಾಡಿಗೆ ಹೋಗಿ ಕಲ್ಲುಕಟ್ಟೆಗೆ ಗುದ್ದಿಕೊಂಡು ಮುಖ ಜಜ್ಜಿಕೊಂಡಿತು. ಅವಳು ರಸ್ತೆಯ ನಡುವೆಯೇ ನಿಂತಳು, ಅಂದರೆ ಬಿದ್ದುಕೊಂಡೇ ನಿಂತಳು.

ಮೊದಲು ಏನೂ ನೋವಿರಲಿಲ್ಲ. ಎಡಗೈ ನೋಡಿಕೊಂಡಳು. ರವಿಕೆಯ ತೋಳು ಇರಲಿಲ್ಲ. ಮೊಣಕೈಯಿಂದ ಅಂಗೈವರೆಗೆ ಯಾರೋ ತುರಿಮಣೆಗೆ ಹಾಕಿ ಎಳೆದಂತೆ ಚರ್ಮ ಕಿತ್ತು, ಕೆಂಪಿನ ನಡುವೆ ಕಪ್ಪು ಕಪ್ಪು ಜಲ್ಲಿಪುಡಿ ಅಂಟಿತ್ತು. ಎಡ ಮೊಣಕಾಲೂ ಅದೇ ಪಾಡು. ಆಗ ಉರಿ ಶುರುವಾಯಿತು. ಬಿಸಿ ಇಸ್ತ್ರಿಪೆಟ್ಟಿಗೆ ಎಷ್ಟೋ ಸಲ ಅವಳನ್ನು ಸುಟ್ಟಿತ್ತು, ಆದರೆ ಅದೆಲ್ಲ ಈ ಉರಿಯ ಮುಂದೆ ಏನೂ ಅಲ್ಲ.

ಟೀಚರ್ ಸ್ವಲ್ಪ ಹಿಂದೆ ರಸ್ತೆಯಲ್ಲಿ ಕೂತಿದ್ದಳು. ಉರುಳಿ ಉರುಳಿ ಬಂದದ್ದರಿಂದ ಅವಳ ಬಲಗೈ, ಬಲ ಭುಜ ಕಿತ್ತುಹೋಗಿದ್ದವು. ಆದರೂ ಓಡಿ ಬಂದ ಹಣ್ಣಿನ ಅಂಗಡಿಯವನಿಗೆ, "ನನ್ನ ಬಿಡಿ, ಮೊದಲು ಆ ಗಾಡಿ ಆಫ್ ಮಾಡಿ. ಮುಂದೆ ಬರೋ ವಾಹನ ನಿಲ್ಸಿ. ಅವ್ಳನ್ನ ಎಬ್ಬಿಸ್ಬೇಡಿ, ಮೊದ್ಲು ಕುತ್ತಿಗೆ ನೋಡಿ" ಎಂದು ಆಜ್ಞೆ ಕೊಡುತ್ತಿದ್ದಳು. ಇಸ್ತ್ರಿಯಮ್ಮನಿಗೆ ಆ ಗಂಟಲು ಮೊದಲ ಸಲ ಹಿತವಾಗಿ ಕೇಳಿಸಿತು. ಇಷ್ಟು ಕೂಗುವವಳು ಸಾಯುವುದಿಲ್ಲ ಎಂದುಕೊಂಡಳು.

ಹತ್ತಿರದ ಆಸ್ಪತ್ರೆಯಲ್ಲಿ ಇಬ್ಬರನ್ನೂ ಒಂದೇ ಪರದೆಯ ಹಿಂದೆ ಅಕ್ಕಪಕ್ಕ ಮಲಗಿಸಿದರು. ಡಾಕ್ಟರು ಕೈಕಾಲು ಆಡಿಸಿ ನೋಡಿ, ಎಕ್ಸ್‌ರೇ ತೆಗೆಸಿ ನೋಡಿ, "ಮೂಳೆ ಎಲ್ಲ ಗಟ್ಟಿಯಾಗಿವೆ. ಚರ್ಮ ಮಾತ್ರ ರಸ್ತೆಗೆ ಕೊಟ್ಟು ಬಂದಿದ್ದೀರಿ" ಎಂದು ನಕ್ಕರು. ಆಮೇಲೆ ನರ್ಸಮ್ಮ ನೀರಿನ ಬಾಟಲಿ, ಮೆತ್ತನೆಯ ಬ್ರಷ್ಷು ಹಿಡಿದು ಬಂದಾಗ ನಗು ನಿಂತಿತು. ಒಳಗೆ ಸೇರಿದ ಜಲ್ಲಿಪುಡಿಯನ್ನು ಉಜ್ಜಿ ತೆಗೆಯದೆ ವಿಧಿಯಿಲ್ಲ, ಬಿಟ್ಟರೆ ಕೀವಾಗುತ್ತದೆ, ಚರ್ಮ ಕೂಡಿದರೂ ಒಳಗೆ ಕಪ್ಪು ಮಚ್ಚೆ ಉಳಿದುಬಿಡುತ್ತದೆ ಎಂದು ನರ್ಸಮ್ಮ ತಿಳಿಸಿ ಹೇಳಿದಳು. ಮರಗಟ್ಟುವ ಔಷಧಿ ಹಚ್ಚಿದ್ದರೂ ಅದು ಅರ್ಧಂಬರ್ಧ ಕೆಲಸ ಮಾಡಿತ್ತು. ಬೀಳುವುದು ಕ್ಷಣದಲ್ಲಿ ಮುಗಿದಿತ್ತು, ಇದು ಮುಗಿಯುವಂತೆಯೇ ಕಾಣಲಿಲ್ಲ.

ಇಸ್ತ್ರಿಯಮ್ಮ ಉಸಿರು ಬಿಗಿಹಿಡಿದು ಮೇಲೆ ತಿರುಗುವ ಫ್ಯಾನು ನೋಡುತ್ತಿದ್ದಳು. ಪಕ್ಕದಿಂದ ಒಂದು ಕೈ ಬಂತು, ಟೀಚರ ಎಡಗೈ. ಇವಳು ಬಲಗೈ ಚಾಚಿದಳು. ಇಬ್ಬರಿಗೂ ನೆಟ್ಟಗಿದ್ದದ್ದು ಆ ಒಂದೊಂದೇ.

"ಕೂಗ್ಕೊಳೇ, ಹಾಗೆ ನುಂಗ್ಕೋಬೇಡ" ಎಂದಳು ಟೀಚರ್. "ನಾನು ಕೂಗ್ತೀನಿ ನೋಡು." ಕೂಗಿದಳು ಕೂಡ. ಪರದೆಯಾಚೆ ಯಾವುದೋ ಮಗು ಅಳುವುದನ್ನು ನಿಲ್ಲಿಸಿ ಗಾಬರಿಯಿಂದ ಸುಮ್ಮನಾಯಿತು.

ಆಗ ಇಸ್ತ್ರಿಯಮ್ಮನಿಗೆ ನಗು ಬಂದುಬಿಟ್ಟಿತು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ನರ್ಸಮ್ಮ, "ನೀವಿಬ್ರೂ ಅಕ್ಕತಂಗೀರಾ?" ಎಂದು ಕೇಳಿದಳು.

"ಬೀಗಿತ್ತಿಯರು" ಎಂದರು ಇಬ್ಬರೂ ಒಟ್ಟಿಗೆ. ನರ್ಸಮ್ಮ ನಂಬಲಿಲ್ಲ.

ಮೊಮ್ಮಗಳನ್ನು ಶಿಶುವಿಹಾರದಿಂದ ಅದರಪ್ಪ ಹೋಗಿ ಕರೆತಂದಿದ್ದ. ಅದರ ಜ್ವರ ಮರುದಿನವೇ ಹೇಳಹೆಸರಿಲ್ಲದಂತೆ ಹೋಯಿತು. ಅಜ್ಜಿಯರ ಗಾಯ ಮಾತ್ರ ಅಷ್ಟು ಬೇಗ ಹೋಗುವ ಬಾಬತ್ತಾಗಿರಲಿಲ್ಲ. "ಸುಟ್ಟ ಗಾಯ ಅಂತಲೇ ತಿಳ್ಕೊಳಿ. ಒಣಗಿಸೋಕೆ ಹೋಗ್ಬೇಡಿ, ಮುಲಾಮು ಹಚ್ಚಿ ಮುಚ್ಚಿಡಿ, ದಿನಾ ಪಟ್ಟಿ ಬದಲಾಯಿಸಿ. ಮೊಣಕೈ ಮಡಚೋದು ಬಿಡಿಸೋದು ಮಾಡ್ತಾ ಇರಿ, ಇಲ್ದಿದ್ರೆ ಬಿಗಿದುಕೊಳ್ಳುತ್ತೆ" ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಇಬ್ಬರನ್ನೂ ಎರಡು ಮನೆಗಳಲ್ಲಿ ನೋಡಿಕೊಳ್ಳುವುದು ಯಾರಿಂದ ಸಾಧ್ಯ? ಮಗಳು ಅಳಿಯ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಎರಡು ಮಂಚ ಹಾಕಿದರು.

ಬೆಳಿಗ್ಗೆ ಅವರಿಬ್ಬರೂ ಕೆಲಸಕ್ಕೆ ಹೋದರೆ ಮನೆಯಲ್ಲಿ ಬೀಗಿತ್ತಿಯರದೇ ರಾಜ್ಯ. ಇವಳಿಗೆ ಬಲಗೈ ಉಂಟು, ಅವಳಿಗೆ ಎಡಗೈ. ಡಬ್ಬಿಯ ಮುಚ್ಚಳ ತೆರೆಯಬೇಕಾದರೆ ಒಬ್ಬಳು ಹಿಡಿಯಬೇಕು, ಇನ್ನೊಬ್ಬಳು ತಿರುಗಿಸಬೇಕು. ಇಸ್ತ್ರಿಯಮ್ಮನ ಜಡೆ ಹೆಣೆಯಲು ಇಬ್ಬರ ಕೈಯೂ ಬೇಕು. ಮೊದಲ ದಿನ ಹೆಣೆದ ಜಡೆ ಹಗ್ಗದ ಗಂಟಿನ ಹಾಗಾಗಿ, ಸಂಜೆ ಮಗಳು ಬಿಚ್ಚುವುದರಲ್ಲಿ ಸುಸ್ತಾದಳು.

ಪಟ್ಟಿ ಬದಲಾಯಿಸುವುದೂ ಹಾಗೆಯೇ. ಗಾಯದ ರಸ ಒಣಗಿ ಬಟ್ಟೆ ಅಂಟಿಕೊಂಡಿರುತ್ತಿತ್ತು. ಮೊದಲ ದಿನ ಟೀಚರ್ ತನ್ನದನ್ನು ಒಂದೇ ಏಟಿಗೆ ಕಿತ್ತುಬಿಡೋಣ ಎಂದು ಹೊರಟಳು. "ತಡೀರಿ ಮಾರಾಯ್ರೇ" ಎಂದಳು ಇಸ್ತ್ರಿಯಮ್ಮ. ಕಾಸಿ ಬೆಚ್ಚಗೆ ಆರಿಸಿದ ನೀರನ್ನು ಹನಿಹನಿಯಾಗಿ ಬಿಟ್ಟು, ಬಟ್ಟೆ ತಾನಾಗಿ ಮೆತ್ತಗಾಗುವವರೆಗೆ ಕಾದು, ಅಂಚಿನಿಂದ ಮೆಲ್ಲಗೆ ಸುರುಳಿ ಬಿಚ್ಚಿದಳು. ಟೀಚರಿಗೆ ಕೂಗಲು ಅವಕಾಶವೇ ಸಿಗಲಿಲ್ಲ. ಅವಳು ಬಿಚ್ಚಿದ ಪಟ್ಟಿಯನ್ನೇ ನೋಡುತ್ತಾ, "ನನ್ನ ಮಗನ ಮೊಣಕಾಲಿನ ಪಟ್ಟಿ ನಾನು ಎಷ್ಟು ಸಲ ಕಿತ್ತಿದೀನೋ. ಪಾಪ, ಹೀಗೂ ಮಾಡ್ಬಹುದಿತ್ತು" ಎಂದಳು.

ಮೊಮ್ಮಗಳಿಗಂತೂ ಹಬ್ಬ. ತನಗೂ ಪಟ್ಟಿ ಬೇಕೆಂದು ರಚ್ಚೆ ಹಿಡಿದು, ಕೊನೆಗೆ ಎರಡು ಕೈಗೂ ಕಟ್ಟಿಸಿಕೊಂಡು, ಮನೆಗೆ ಬಂದವರಿಗೆಲ್ಲ "ನಾನೂ ಬಿದ್ದೆ" ಎಂದು ತೋರಿಸುತ್ತಿತ್ತು.

ಉರಿ ಇಳಿದ ಮೇಲೆ ಜಗಳಕ್ಕೆ ಜಾಗವಾಯಿತು. ಒಂದು ಸಂಜೆ ಮಗಳು ಅಳಿಯ ಬಾಗಿಲು ತೆರೆಯುವಾಗಲೇ ಒಳಗಿನಿಂದ ಗಲಾಟೆ ಕೇಳಿಸುತ್ತಿತ್ತು.

"ನೀನು ಬಲಕ್ಕೆ ವಾಲಿದ್ದಕ್ಕೇ ಗಾಡಿ ಜಾರಿದ್ದು!"

"ನಾನು ವಾಲಿದ್ನಾ? ಗಂಟು ಮೂಟೆ ಹೊರೋ ಹಾಗೆ ಗಾಡಿ ಓಡಿಸ್ತೀಯ, ನನ್ಮೇಲೆ ಹೇಳ್ತೀಯ!"

"ಜೋರಾಗಿ ಹೋಗು ಜೋರಾಗಿ ಹೋಗು ಅಂತ ಬೆನ್ನ ಹಿಂದೆ ಕೂತು ಕುಟ್ತಾ ಇದ್ದೋಳು ಯಾರು?"

"ಜೋರಾಗಿ ಅಂದೆ, ಹಾರ್ಕೊಂಡು ಅಂದ್ನಾ?"

ಒಳಗೆ ಓಡಲು ಹೊರಟ ಮಗಳನ್ನು ಗಂಡ ತಡೆದ. "ನಿಲ್ಲು ನಿಲ್ಲು. ಕೇಳಿಸ್ಕೊಂಡ್ಯಾ? ಬೀಗಿತ್ತಿಯವ್ರೇ ಬಿಟ್ಟು ನೀನು ಅಂತಿದ್ದಾರೆ. ಇನ್ನು ಪರವಾಗಿಲ್ಲ."

ಕೊನೆಗೆ ತಪ್ಪು ಜಲ್ಲಿ ಬಿಟ್ಟು ಹೋದವರದೇ ಎಂದು ಇಬ್ಬರೂ ಒಪ್ಪಿ, ಅವರ ವಂಶವನ್ನೆಲ್ಲ ಜಾಲಾಡಿ, ಒಟ್ಟಿಗೆ ಕೂತು ಊಟ ಮಾಡಿದರು.

ಇಸ್ತ್ರಿಯಮ್ಮನ ಚಿಂತೆ ಬೇರೆಯೇ ಇತ್ತು. ಅಂಗಡಿಯನ್ನು ಅವಳ ತಮ್ಮ ನೋಡಿಕೊಳ್ಳುತ್ತಿದ್ದ. ಒಗೆಯುವ ಮೆಷಿನ್ನಿಗೆ ಹಾಕುವುದು, ಒಣಗಿಸುವುದು, ತಲುಪಿಸುವುದರಲ್ಲಿ ಅವನದು ಎತ್ತಿದ ಕೈ. ಆದರೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟವನು ಈಗಷ್ಟೇ ಹೊಡೆದಾಟದಿಂದ ಎದ್ದು ಬಂದಂತೆ ಕಾಣುತ್ತಿದ್ದ. ಅಂಥದರಲ್ಲಿ ಊರಿನ ಗಾಯನ ಮಂಡಳಿಯವರು ಸ್ಪರ್ಧೆಗೆಂದು ತಮ್ಮ ಬಿಳಿ ಅಂಗಿಗಳನ್ನೆಲ್ಲ ತಂದು ಸುರಿದಿದ್ದರು. ಎದೆಯ ಮೇಲೆ ಸಾಲು ನೆರಿಗೆಯ ಅಂಗಿಗಳು. ಬೇರೆಲ್ಲಾದರೂ ಕೊಡಿ ಎಂದು ಫೋನು ಮಾಡಿ ಹೇಳಿದರೆ, ಮಂಡಳಿಯ ಮುಖಂಡರಾದ ದಂತವೈದ್ಯರು, "ನಿಮ್ಮ ನೆರಿಗೆ ಇಲ್ದೆ ನಮಗೆ ಸ್ವರವೇ ಏಳೋದಿಲ್ಲಮ್ಮ" ಎಂದುಬಿಟ್ಟರು.

ನೆರಿಗೆ ಎಂದರೆ ಎಡಗೈಯ ಕೆಲಸ. ಬಲಗೈ ಬರೀ ಪೆಟ್ಟಿಗೆ ತಳ್ಳುತ್ತದೆ, ಎಡಗೈ ಬಟ್ಟೆಯನ್ನು ಎಳೆದು, ನೆರಿಗೆಯನ್ನು ಬೆರಳಿನಿಂದ ಕೂರಿಸಿ, ಹಬೆ ಬರುವ ಮುಂಚೆ ಸರಿಯಬೇಕು. ಇಸ್ತ್ರಿಯಮ್ಮ ಒಂದು ಬೆಳಿಗ್ಗೆ ತಡೆಯಲಾರದೆ ಅಂಗಡಿಗೆ ಹೋದಳು. ಹಿಂದೆಯೇ ಟೀಚರೂ ಬಂದಳು, ಒಬ್ಬಳೇ ಮಂಚದಲ್ಲಿ ಕೂತು ಮಾಡುವುದೇನೆಂದು. ಇಸ್ತ್ರಿಯಮ್ಮ ಒಂದು ಅಂಗಿ ಹಾಸಿ, ಪಟ್ಟಿ ಕಟ್ಟಿದ ಎಡಗೈ ಚಾಚಿದಳು. ಹಬೆಯ ಬಿಸಿ ತಾಗಿದ್ದೇ ತಡ, ಹಸಿ ಗಾಯವೆಲ್ಲ ಚುರ್ರೆಂದಿತು. ಪೆಟ್ಟಿಗೆ ಬದಿಗಿಟ್ಟು ತುಟಿ ಕಚ್ಚಿ ನಿಂತಳು.

"ಸರಿ ಆಚೆ" ಎಂದಳು ಟೀಚರ್. ಮೇಜಿನ ಎಡಬದಿಗೆ ಬಂದು ತನ್ನ ಎಡಗೈ ಬಟ್ಟೆಯ ಮೇಲಿಟ್ಟಳು. "ಹೂಂ, ಹೇಳು. ಎಲ್ಲಿ ಹಿಡೀಬೇಕು?"

"ನಿಂಗೆ ಬರಲ್ಲ ಕಣೇ."

"ನೀನು ಹೇಳ್ಕೊಡಲ್ಲ, ಅದಕ್ಕೇ ಬರಲ್ಲ."

ಮೊದಲ ಅಂಗಿಗೆ ಒಂದು ನೆರಿಗೆಯ ಜಾಗದಲ್ಲಿ ಎರಡು ಬಿದ್ದವು. ಎರಡನೆಯದಕ್ಕೆ ಟೀಚರ ಬೆರಳು ಸುಟ್ಟಿತು, ಬೀದಿಗೆಲ್ಲ ಕೇಳಿಸಿತು. ಇವಳ ಕೈ ಹೋಗುವ ವೇಗಕ್ಕೂ ಅವಳ ಕೈ ಸರಿಯುವ ವೇಗಕ್ಕೂ ತಾಳಮೇಳವೇ ಇರಲಿಲ್ಲ. ಬಾಗಿಲಲ್ಲಿ ನಿಂತ ತಮ್ಮ ಹಲ್ಲು ಕಿರಿಯುತ್ತಿದ್ದ.

"ನೀನು ಯಾವಾಗ ತಳ್ತೀಯ ಅಂತ ನಂಗೆ ಗೊತ್ತಾಗೋದು ಹೇಗೆ?" ಎಂದು ಟೀಚರ್ ರೇಗಿದಳು. ರೇಗಿದವಳೇ ಏನೋ ಹೊಳೆದಂತೆ ಕೊರಳಿನ ಸೀಟಿ ಬಾಯಿಗಿಟ್ಟಳು. "ಕೇಳಿಲ್ಲಿ. ಒಂದು ಊದಿದ್ರೆ ನಾನು ಎಳೆದು ಹಿಡೀತೀನಿ. ಇನ್ನೊಂದು ಊದಿದ್ರೆ ನಾನು ಕೈ ತೆಗೀತೀನಿ, ನೀನು ಒತ್ತು."

ಇಸ್ತ್ರಿಯಮ್ಮ ಹಣೆ ಚಚ್ಚಿಕೊಂಡಳು. ಆದರೆ ಮೂರನೆಯ ಅಂಗಿ ಹಾಸಿದಳು. ಪೀ! ಟೀಚರ ಬೆರಳುಗಳು ನೆರಿಗೆಯನ್ನು ಎಳೆದು ಕೂರಿಸಿದವು. ಪೀ! ಕೈ ಸರಿಯಿತು, ಪೆಟ್ಟಿಗೆ ಜಾರಿತು. ನೆರಿಗೆ ಗೆರೆ ಹೊಡೆದಂತೆ ಕೂತಿತು. ಮತ್ತೆ ಪೀ, ಮತ್ತೆ ಪೀ. ಇವಳ ಮೈಯೂ ಆ ಲೆಕ್ಕಕ್ಕೆ ಒಗ್ಗಿಕೊಂಡಿತು. ಎಷ್ಟೋ ವರ್ಷ ಒಬ್ಬಳೇ ನಿಂತು ಮಾಡಿದ ಕೆಲಸವನ್ನು ಇನ್ನೊಬ್ಬರ ಜೊತೆ ಮಾಡುವುದು ಹೀಗಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಭುಜಕ್ಕೆ ಭುಜ ತಾಗುತ್ತಿತ್ತು, ಒಬ್ಬಳ ಮುಲಾಮಿನ ವಾಸನೆ ಇನ್ನೊಬ್ಬಳ ಮೂಗಿಗೆ ಬಡಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎದುರಿನ ಚಪ್ಪಲಿ ಅಂಗಡಿಯವನು ಬಂದು, ಇಲ್ಲೇನು ಪಂದ್ಯ ನಡೆಯುತ್ತಿದೆಯೇ ಎಂದು ಇಣುಕಿ ನೋಡಿ ಹೋದ.

ಅಂಗಿಗಳನ್ನು ಒಯ್ಯಲು ದಂತವೈದ್ಯರು ತಾವೇ ಬಂದರು. ಒಂದನ್ನು ಎತ್ತಿ ಬೆಳಕಿಗೆ ಹಿಡಿದರು, ಇನ್ನೊಂದನ್ನು ಹಿಡಿದರು. "ಈ ಸಲ ಮುಂಚೆಗಿಂತ ಚೆನ್ನಾಗಿವೆ" ಎಂದರು.

ಇಸ್ತ್ರಿಯಮ್ಮನಿಗೆ ಸ್ವಲ್ಪ ಚುಚ್ಚಿತು. ಟೀಚರ್ ಹೂವಿನಂತೆ ಅರಳಿದಳು. ಅದನ್ನು ನೋಡಿ ಇವಳಿಗೆ ಚುಚ್ಚಿದ್ದು ಮರೆತೇ ಹೋಯಿತು.

ಮುಂದೆ ಗಾಯ ಕೂಡಿಕೊಳ್ಳುತ್ತಾ ಬಂತು. ಅಂಚಿನಿಂದ ಒಳಕ್ಕೆ ಗುಲಾಬಿ ಬಣ್ಣದ ತೆಳು ಚರ್ಮ ಹಬ್ಬಿತು. ಆಗ ಶುರುವಾದ ತುರಿಕೆ ಉರಿಗಿಂತ ಕಷ್ಟ. ಒಬ್ಬಳು ಕೆರೆದುಕೊಳ್ಳಲು ಹೋದರೆ ಇನ್ನೊಬ್ಬಳು ಕೈಮೇಲೆ ಹೊಡೆಯುತ್ತಿದ್ದಳು. ದಿನಾ ಬೆಳಿಗ್ಗೆ ಟೀಚರ್ ಅಂಗಡಿಯ ಮುಂದೆ ಇಬ್ಬರ ಮೊಣಕೈಗೂ ವ್ಯಾಯಾಮ ಮಾಡಿಸುತ್ತಿದ್ದಳು, ಇಸ್ತ್ರಿಯಮ್ಮ ನಾಚಿಕೆಯಿಂದ ಬೀದಿಗೆ ಬೆನ್ನು ತಿರುಗಿಸಿ ಮಾಡುತ್ತಿದ್ದಳು. ಕೊನೆಗೊಂದು ದಿನ ಡಾಕ್ಟರು ಪಟ್ಟಿ ಬಿಚ್ಚಿ, ಇನ್ನು ಕಟ್ಟಬೇಕಾಗಿಲ್ಲ, ಬಿಸಿಲಿಗೆ ಹೋಗುವಾಗ ಮಾತ್ರ ಕೈ ಮುಚ್ಚಿಕೊಳ್ಳಿ ಎಂದರು. ಟೀಚರ್ ತನ್ನ ಮನೆಗೆ ಹೋದಳು, ಇಸ್ತ್ರಿಯಮ್ಮ ತನ್ನ ಮನೆಗೆ.

ಮರುದಿನ ಅಂಗಡಿಯಲ್ಲಿ ಇಸ್ತ್ರಿಯಮ್ಮನಿಗೆ ಎರಡು ಕೈಯೂ ತನ್ನವೇ. ಕೆಲಸ ಸರಸರನೆ ಸಾಗಿತು. ಯಾರೂ ಕೂಗಲಿಲ್ಲ, ಯಾರೂ ಬೆನ್ನು ನೆಟ್ಟಗೆ ಮಾಡು ಅನ್ನಲಿಲ್ಲ. ಹಾಯಾಗಿರಬೇಕಿತ್ತು. ಒಂದು ಹಾಸುಬಟ್ಟೆಯನ್ನು ಮಡಚಲು ಎತ್ತಿಕೊಂಡವಳು ಅದರ ಇನ್ನೊಂದು ತುದಿಯನ್ನು ಯಾರಿಗೋ ಕೊಡುವಂತೆ ಗಾಳಿಯಲ್ಲಿ ಚಾಚಿ, ತನ್ನಷ್ಟಕ್ಕೆ ನಕ್ಕಳು. ಆಮೇಲೆ ಫೋನು ತೆಗೆದಳು.

"ಏನೇ ಮಾಡ್ತಿದ್ದೀಯ?"

"ಗೋಡೆ ನೋಡ್ತಿದ್ದೀನಿ" ಎಂದಿತು ಆ ಕಡೆಯ ಗಂಟಲು. ಅಷ್ಟು ಮೆಲ್ಲಗೆ ಅದು ಎಂದೂ ಮಾತಾಡಿರಲಿಲ್ಲ.

"ಗೋಡೆ ಎಲ್ಲಿಗೂ ಓಡಿ ಹೋಗಲ್ಲ. ಬಾ. ಹಾಸುಬಟ್ಟೆ ರಾಶಿ ಬಿದ್ದಿದೆ, ಒಬ್ಳಿಂದ ಮಡ್ಚೋಕಾಗಲ್ಲ."

"ನಿನ್ನ ತಮ್ಮ ಇಲ್ವಾ?"

"ಅವನು ಮಡಚಿದ್ರೆ ಹಾಸುಬಟ್ಟೆ ಕರವಸ್ತ್ರ ಆಗುತ್ತೆ. ಬರ್ತೀಯೋ ಇಲ್ವೋ?"

ಬಂದಳು. ಆಮೇಲೆ ಬರುತ್ತಲೇ ಇದ್ದಳು. ಹಾಸುಬಟ್ಟೆ ಮಡಚುವುದಕ್ಕೆಂದು ಬಂದವಳು ವಾರ ಕಳೆಯುವುದರೊಳಗೆ ಅಂಗಡಿಯ ಮುಂದಿನ ಕೌಂಟರನ್ನೇ ಹಿಡಿದಳು. ಕೊಡುವವರು ಒಂದು ಕಡೆ, ಒಯ್ಯುವವರು ಇನ್ನೊಂದು ಕಡೆ ಸಾಲಾಗಿ ನಿಲ್ಲಬೇಕೆಂದು ಕಟ್ಟಪ್ಪಣೆ ಮಾಡಿದಳು. ಗಿರಾಕಿಗಳು ಮೊದಲು ಮೂಗು ಮುರಿದರು. ಅವರಲ್ಲಿ ಅರ್ಧಕ್ಕರ್ಧ ಜನ ಅವಳದೇ ಶಾಲೆಯಲ್ಲಿ ಓದಿದವರಾದ್ದರಿಂದ, ಬೊಕ್ಕತಲೆಯವರೂ ತಮಗೇ ಅರಿವಿಲ್ಲದೆ ನೆಟ್ಟಗೆ ನಿಂತರು.

ಒಂದು ದಿನ ಇಸ್ತ್ರಿಯಮ್ಮ ಒಳಗೆ ಕೋಟಿನ ತೋಳು ಒತ್ತುತ್ತಿದ್ದಳು. ಮೊಮ್ಮಗಳು ಪಕ್ಕದ ಬೆಚ್ಚನೆಯ ಗಂಟಿನ ಮೇಲೆ ನಿದ್ದೆ ಹೋಗಿತ್ತು. ಹೊರಗೆ ಯಾರೋ ಗಿರಾಕಿ ತನ್ನ ಅಂಗಿಗೆ ಮಸಿಯ ಕಲೆ ನೀವೇ ಮಾಡಿದ್ದು ಎಂದು ವಾದ ಹೂಡಿದ್ದ.

"ಜೇಬಲ್ಲಿ ಪೆನ್ನು ಬಿಟ್ಟು ಕೊಟ್ಟೋನು ನೀನು" ಎಂದು ಬೀಗಿತ್ತಿಯ ಗಂಟಲು ಬೀದಿಯ ಆ ತುದಿಗೂ ಮುಟ್ಟುವಂತೆ ಮೊಳಗಿತು. "ಏಳನೇ ಕ್ಲಾಸಲ್ಲೂ ಹೀಗೇ ಮಾಡ್ತಿದ್ದೆ. ಸೊಂಟದ ಮೇಲಿಂದ ಕೈ ತೆಗಿ ಮೊದ್ಲು!"

ಗಿರಾಕಿ ಮೆಲ್ಲಗೆ, "ಸಾರಿ, ಟೀಚರ್" ಎಂದದ್ದು ಕೇಳಿಸಿತು.

ಇಸ್ತ್ರಿಯಮ್ಮ ನಗು ತಡೆಯಲು ಮುಖ ಆಚೆ ತಿರುಗಿಸಿದಳು. ಮಗು ಮಗ್ಗುಲು ಬದಲಿಸಿತು, ಏಳಲಿಲ್ಲ. ಆ ಗಂಟಲು ಅದಕ್ಕೂ ಅಭ್ಯಾಸವಾಗಿ ಹೋಗಿತ್ತು. ಅವಳು ಕೋಟಿನ ತೋಳನ್ನು ತಿರುವಿ ಹಾಸಿ, ಗುಲಾಬಿ ಬಣ್ಣದ ಎಡ ಅಂಗೈಯಿಂದ ಒಮ್ಮೆ ಸವರಿ, ಪೆಟ್ಟಿಗೆ ಎತ್ತಿಕೊಂಡಳು.